ಒಂದೇ ಒಂದು ಸಂಕ್ರಮಣದಿಂದ 80 ದಿನದ ಕಕ್ಷೆಯವರೆಗೆ: ಪುಟ್ಟ ಬಾಹ್ಯಗ್ರಹವೊಂದರ ಪ್ರಕರಣ ಅಧ್ಯಯನ

ಈ ಪ್ರಕರಣದ ನಕ್ಷತ್ರದ ಹೆಸರು, ಆಕಾಶದಲ್ಲಿ ಅದಿರುವ ಜಾಗ, ವಿಶ್ಲೇಷಣೆ ನಡೆಸಿದವರ ಗುರುತು ಇಲ್ಲಿ ಇಲ್ಲ. ದಿನಾಂಕಗಳನ್ನು ಬಿಟ್ಟು ದಿನಗಳ ಅಂತರವನ್ನಷ್ಟೇ ಕೊಟ್ಟಿದೆ. ಓದುವವರು ಕಾಗದದ ಮೇಲೆ ಲೆಕ್ಕ ಹಾಕಿ ನೋಡಲು ಅನುಕೂಲವಾಗಲೆಂದು ಕೆಲವು ಅಂಕಿಗಳನ್ನು ಸರಿಹೊಂದಿಸಿ ದುಂಡಾಗಿಸಿದೆ.

ಹಿನ್ನೆಲೆ

ಬಾಹ್ಯಗ್ರಹ, ಅಂದರೆ ಸೂರ್ಯನನ್ನಲ್ಲದೆ ಬೇರೆ ನಕ್ಷತ್ರವನ್ನು ಸುತ್ತುವ ಗ್ರಹ, ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಮಗೆ ತಲುಪುವ ಬೆಳಕು ಸ್ವಲ್ಪ ಕುಗ್ಗುತ್ತದೆ. ಹೀಗೆ ಹಾದುಹೋಗುವುದೇ ಸಂಕ್ರಮಣ. ಸಮ ಅಂತರದಲ್ಲಿ ಹಲವು ಬಾರಿ ಕುಗ್ಗಿದರೆ ಕಂಪ್ಯೂಟರ್ ಅದನ್ನು ತಾನಾಗಿಯೇ ಹಿಡಿಯುತ್ತದೆ. ಕೆಪ್ಲರ್ ದೂರದರ್ಶಕದ ಸ್ವಯಂಚಾಲಿತ ಹುಡುಕಾಟಕ್ಕೆ ಕನಿಷ್ಠ ಮೂರು ಸಂಕ್ರಮಣ ಬೇಕಿತ್ತು, 2018ರಲ್ಲಿ ಹಾರಿದ ನಾಸಾ ಉಪಗ್ರಹ ಟೆಸ್‌ನ ಹುಡುಕಾಟಕ್ಕೆ ಎರಡು ಸಾಕು. ಆದರೆ ಟೆಸ್ ಆಕಾಶದ ಒಂದು ಪಟ್ಟಿಯನ್ನು, ಅಂದರೆ ಒಂದು ಸೆಕ್ಟರನ್ನು, ನೋಡುವುದು ಸುಮಾರು 27.4 ದಿನ ಮಾತ್ರ. 80 ದಿನಕ್ಕೊಮ್ಮೆ ಸುತ್ತುವ ಗ್ರಹ ಆ ಅವಧಿಯಲ್ಲಿ ಹಾದುಹೋಗುವ ಸಾಧ್ಯತೆ ಮೂರರಲ್ಲಿ ಒಂದು, ಎರಡು ಬಾರಿ ಹಾದುಹೋಗುವ ಸಾಧ್ಯತೆ ಸೊನ್ನೆ. ಹಾಗಾಗಿ ನಕ್ಷತ್ರದಿಂದ ದೂರವಿರುವ, ತಣ್ಣಗಿನ, ಸಣ್ಣ ಗ್ರಹಗಳೇ ಈ ಜರಡಿಯಿಂದ ಸೋರಿಹೋಗುತ್ತವೆ.

ನಮ್ಮ ನಕ್ಷತ್ರ ಸೂರ್ಯನಿಗಿಂತ ಚಿಕ್ಕದಾದ ಕೆ ವರ್ಗದ ಕುಬ್ಜ. ತ್ರಿಜ್ಯ ಸೂರ್ಯನ 0.78 ಪಟ್ಟು, ದ್ರವ್ಯರಾಶಿ 0.82 ಪಟ್ಟು, ಮೇಲ್ಮೈ ತಾಪ ಸುಮಾರು 5000 ಕೆಲ್ವಿನ್, ಟೆಸ್‌ನ ತರಂಗಪಟ್ಟಿಯಲ್ಲಿ ಕಾಂತಿಮಾನ 8.9 (ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಸುಕು). ಟೆಸ್‌ನ ಮೊದಲ ಎರಡು ವರ್ಷಗಳಲ್ಲಿ ಇದು 2 ನಿಮಿಷಕ್ಕೊಮ್ಮೆ ಅಳೆಯುವ ಗುರಿಪಟ್ಟಿಗೆ ಸೇರಿರಲಿಲ್ಲ. ಸಿಕ್ಕಿದ್ದು ಪೂರ್ಣ ಚೌಕಟ್ಟಿನ ಚಿತ್ರಗಳಿಂದ ತೆಗೆದ 30 ನಿಮಿಷದ ಅಳತೆಗಳು, ಒಂದೇ ಸೆಕ್ಟರಿನದ್ದು.

ಸಮಸ್ಯೆ

ಆ ಸೆಕ್ಟರಿನ 17.4ನೇ ದಿನ ಬೆಳಕು ಸುಮಾರು 6 ಗಂಟೆ ಕಾಲ 620 ಪಿಪಿಎಂ ಕುಗ್ಗಿತ್ತು, ಅಂದರೆ ಹತ್ತು ಲಕ್ಷದಲ್ಲಿ 620 ಪಾಲು. ಬೆಳಕಿನ ಅಳತೆಯಲ್ಲಿ ಹೀಗೆ ಬೀಳುವ ತಗ್ಗನ್ನು ಇಲ್ಲಿ ಕುಳಿ ಎಂದು ಕರೆದಿದೆ. 30 ನಿಮಿಷಕ್ಕೊಂದರಂತೆ 12 ಬಿಂದುಗಳು, ಇಡೀ ಸಾಕ್ಷ್ಯ ಅಷ್ಟೇ. ಈ ನಕ್ಷತ್ರಕ್ಕೆ ಟೆಸ್‌ನ ಅಳತೆಯಲ್ಲಿದ್ದ ನಾಯ್ಸ್, ಅಂದರೆ ಅಳತೆಯ ಗದ್ದಲ, ಒಂದು ಗಂಟೆಗೆ 110 ಪಿಪಿಎಂ. ಅದು ಪೂರ್ತಿ ಯಾದೃಚ್ಛಿಕವೆಂದು ಇಟ್ಟುಕೊಂಡರೆ 6 ಗಂಟೆಯ ಸರಾಸರಿಗೆ 45 ಪಿಪಿಎಂ, ಕುಳಿಯ ಸಂಕೇತ ಅದರ ಸುಮಾರು 14 ಪಟ್ಟು. ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಟೆಸ್‌ನ ನಾಯ್ಸ್ ಎಂದೂ ಪೂರ್ತಿ ಯಾದೃಚ್ಛಿಕವಲ್ಲ. ಉಪಗ್ರಹದ ಅಲುಗಾಟ, ಭೂಮಿ ಮತ್ತು ಚಂದ್ರನ ಚದುರಿದ ಬೆಳಕು, ಉಪಗ್ರಹದ ದಿಕ್ಕು ಹಿಡಿದಿಡುವ ಚಕ್ರಗಳ ಆವೇಗವನ್ನು ಕೆಲವು ದಿನಗಳಿಗೊಮ್ಮೆ ಇಳಿಸುವ ಕ್ರಿಯೆ, ಇವೆಲ್ಲ ಗಂಟೆಗಟ್ಟಲೆ ಉಳಿಯುವ ಕುಳಿಗಳನ್ನು ತಾವೇ ತೋಡಬಲ್ಲವು. ಎರಡನೆಯ ಸಂಕ್ರಮಣ ಇದ್ದಿದ್ದರೆ ಇವನ್ನೆಲ್ಲ ಒಂದೇ ಏಟಿಗೆ ತಳ್ಳಿಹಾಕಬಹುದಿತ್ತು. ಅದಿಲ್ಲದಿರುವಾಗ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಇದಕ್ಕೂ ಮೊದಲು ಇನ್ನೊಂದು ತೊಡಕಿತ್ತು. ಕಾಲಕ್ಕೆ ತಕ್ಕಂತೆ ಬೆಳಕು ಬದಲಾಗುವುದನ್ನು ತೋರಿಸುವ, ಸ್ವಯಂಚಾಲಿತವಾಗಿ ಶುಚಿಗೊಳಿಸಿದ ಲೈಟ್ ಕರ್ವ್‌ನಲ್ಲಿ ಈ ಕುಳಿ ಕಾಣುತ್ತಲೇ ಇರಲಿಲ್ಲ. ನಕ್ಷತ್ರದ ಕಲೆಗಳಿಂದಾಗಿ ಅದರ ಬೆಳಕು 11 ದಿನಕ್ಕೊಮ್ಮೆ 3000 ಪಿಪಿಎಂನಷ್ಟು ಏರಿಳಿಯುತ್ತದೆ. ಅದನ್ನು ತೆಗೆಯಲು ಬಳಸಿದ್ದು 12 ಗಂಟೆ ಅಗಲದ ಚಲಿಸುವ ಮೀಡಿಯನ್, ಅಂದರೆ ಪ್ರತಿ ಬಿಂದುವಿನ ಸುತ್ತಲಿನ 12 ಗಂಟೆಯ ಕಿಟಕಿಯ ನಡುಮೌಲ್ಯವನ್ನು ಸಹಜ ಮಟ್ಟವೆಂದು ಹಿಡಿಯುವ ವಿಧಾನ. ಗಂಟೆಗಳ ಲೆಕ್ಕದ ಅವಧಿಯಲ್ಲಿ ಸುತ್ತುವ ಗ್ರಹಗಳಿಗೆ ಅದು ಒಪ್ಪುತ್ತದೆ, ಅವುಗಳ ಸಂಕ್ರಮಣ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. 6 ಗಂಟೆಯ ಸಂಕ್ರಮಣ ಮಾತ್ರ ಆ ಕಿಟಕಿಯ ಅರ್ಧಭಾಗವನ್ನೇ ತುಂಬುತ್ತದೆ. ಕುಳಿಯ ತಳವನ್ನೇ ನಕ್ಷತ್ರದ ಸಹಜ ಮಟ್ಟವೆಂದು ಮೀಡಿಯನ್ ಎಣಿಸುತ್ತದೆ, ಆಳ ಅರ್ಧಕ್ಕೂ ಕೆಳಗಿಳಿದು ಎರಡೂ ಅಂಚಿನಲ್ಲಿ ಉಬ್ಬು ಏಳುತ್ತದೆ. ಶುಚಿಗೊಳಿಸುವ ಮೊದಲಿನ ಲೈಟ್ ಕರ್ವ್‌ನ್ನು ಕಣ್ಣಾರೆ ನೋಡುತ್ತಿದ್ದವರ ಗಮನಕ್ಕೆ ಬಂದಿದ್ದರಿಂದ ಇದು ಉಳಿಯಿತು. ದೀರ್ಘಾವಧಿ ಗ್ರಹಗಳ ವಿಷಯದಲ್ಲಿ ಮನುಷ್ಯರ ಕಣ್ಣಿಗೆ ಇಂದಿಗೂ ಇರುವ ಬೆಲೆ ಇದೇ, ಮತ್ತು ಆ ಕೆಲಸಕ್ಕೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ಏನೇನು ಪರೀಕ್ಷಿಸಲಾಯಿತು

ಮೊದಲು ಮಾಡಿದ್ದು ಕಿಟಕಿಯ ಅಗಲ ಬದಲಿಸಿ ನೋಡುವುದು. ಸಂಕ್ರಮಣದ ಅವಧಿಯ ಕನಿಷ್ಠ ಮೂರು ಪಟ್ಟು ಅಗಲ ಇಡಬೇಕೆಂಬುದು ಒಳ್ಳೆಯ ನಿಯಮ, ಇಲ್ಲಿ 18 ಗಂಟೆ. 18, 24, 36 ಗಂಟೆಗಳಲ್ಲಿ ಆಳ 600ರಿಂದ 630 ಪಿಪಿಎಂ ನಡುವೆಯೇ ನಿಂತಿತು. ಆಮೇಲೆ ಶುಚಿಗೊಳಿಸುವುದನ್ನೇ ಬಿಟ್ಟು, ನಕ್ಷತ್ರದ ಏರಿಳಿತಕ್ಕೆ ಗಾಸಿಯನ್ ಪ್ರೋಸೆಸ್ ಎಂಬ ಸಂಖ್ಯಾಶಾಸ್ತ್ರೀಯ ಮಾದರಿಯನ್ನೂ ಸಂಕ್ರಮಣದ ಮಾದರಿಯನ್ನೂ ಒಟ್ಟಿಗೇ ಹೊಂದಿಸಲಾಯಿತು. ಮೊದಲು ತೊಳೆದು ಆಮೇಲೆ ಅಳೆದರೆ ತೊಳೆಯುವಾಗಿನ ಅನಿಶ್ಚಿತತೆ ಅಂತಿಮ ಅಳತೆಯಲ್ಲಿ ಕಾಣುವುದಿಲ್ಲ. ಒಟ್ಟಿಗೆ ಹೊಂದಿಸಿದಾಗ ಆಳದ ದೋಷಮಿತಿ ಹೆಚ್ಚಾಯಿತು, ಸಂಕೇತ 14 ಪಟ್ಟಿನಿಂದ 9 ಪಟ್ಟಿಗೆ ಇಳಿಯಿತು. ನಂಬಬೇಕಾದದ್ದು ಈ ಎರಡನೆಯ ಅಂಕಿಯನ್ನೇ.

ಇದರ ಜೊತೆಗೆ ಲೈಟ್ ಕರ್ವ್‌ನ್ನು ತಲೆಕೆಳಗು ಮಾಡಿ ಅದೇ ಹುಡುಕಾಟ ನಡೆಸಿದರು. ಗ್ರಹ ಬೆಳಕನ್ನು ಹೆಚ್ಚಿಸಲಾರದು. ಆದ್ದರಿಂದ ತಲೆಕೆಳಗಾದ ದತ್ತಾಂಶದಲ್ಲಿ ಸಿಗುವ 'ಕುಳಿ'ಗಳೆಲ್ಲ ನಾಯ್ಸ್‌ನ ಕೈವಾಡ. ಅಲ್ಲಿ ಸಿಕ್ಕ ಅತ್ಯಂತ ಆಳದ್ದು 250 ಪಿಪಿಎಂ. 620ಕ್ಕೂ 250ಕ್ಕೂ ಇರುವ ಈ ಅಂತರ ಯಾವ ಸೂತ್ರಕ್ಕಿಂತಲೂ ಹೆಚ್ಚು ಧೈರ್ಯ ಕೊಟ್ಟಿತು.

ಮುಂದಿನದು ಕ್ಷುದ್ರಗ್ರಹದ ಪರೀಕ್ಷೆ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಟೆಸ್ ಯಾವಾಗಲೂ ಸೂರ್ಯನಿಗೆ ಬೆನ್ನು ಹಾಕಿ ನೋಡುವುದರಿಂದ ಕ್ಷುದ್ರಗ್ರಹಗಳು ಅದಕ್ಕೆ ಅತ್ಯಂತ ಪ್ರಕಾಶಮಾನವಾಗಿ ಕಾಣುತ್ತವೆ. ಮುಖ್ಯ ಪಟ್ಟಿಯ ಕ್ಷುದ್ರಗ್ರಹ ಗಂಟೆಗೆ ಸುಮಾರು 35 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3600) ಸರಿಯುತ್ತದೆ. ಟೆಸ್‌ನ ಪಿಕ್ಸೆಲ್ 21 ಆರ್ಕ್‌ಸೆಕೆಂಡ್ ಅಗಲವಿರುವುದರಿಂದ 6 ಗಂಟೆಯಲ್ಲಿ ಅದು 10 ಪಿಕ್ಸೆಲ್ ದಾಟುತ್ತದೆ. ನೇರವಾಗಿ ಅಪರ್ಚರ್, ಅಂದರೆ ನಕ್ಷತ್ರದ ಬೆಳಕನ್ನು ಅಳೆಯುವ ಪಿಕ್ಸೆಲ್ ಗುಂಪಿನ, ಒಳಗೆ ಬಂದರೆ ಉಬ್ಬು ಬರುತ್ತದೆ, ಅದನ್ನು ಗುರುತಿಸುವುದು ಸುಲಭ. ಹಿನ್ನೆಲೆ ಅಳೆಯುವ ಪಿಕ್ಸೆಲ್‌ಗಳ ಮೇಲೆ ಹಾದರೆ ಮಾತ್ರ ಅಪಾಯ. ಆಗ ಹಿನ್ನೆಲೆಯನ್ನು ಹೆಚ್ಚಾಗಿ ಅಳೆದು, ನಕ್ಷತ್ರದ ಲೆಕ್ಕದಿಂದ ಹೆಚ್ಚಾಗಿ ಕಳೆದುಬಿಡುತ್ತೇವೆ. ಗ್ರಹದಂತೆಯೇ ಕಾಣುವ ಕುಳಿ ಹುಟ್ಟಿಕೊಳ್ಳುತ್ತದೆ. 8.9 ಕಾಂತಿಮಾನದ ನಕ್ಷತ್ರದ ಎದುರು 17ನೇ ಕಾಂತಿಮಾನದ ಕ್ಷುದ್ರಗ್ರಹದ ಬೆಳಕು 575 ಪಿಪಿಎಂ, ನಮ್ಮ ಕುಳಿಯ ಆಳಕ್ಕೆ ತೀರ ಹತ್ತಿರ. ಮೈನರ್ ಪ್ಲಾನೆಟ್ ಸೆಂಟರ್‌ನ ದತ್ತಸಂಚಯದಲ್ಲಿ ಹುಡುಕಿದಾಗ ಇಂಥದೇ ಒಂದು ಕ್ಷುದ್ರಗ್ರಹ ಐದು ಪಿಕ್ಸೆಲ್ ಆಚೆ ಹಾದುಹೋಗಿದ್ದು ಕಂಡಿತು. ಆದರೆ ಅದು ಹಾದದ್ದು ಕುಳಿಗಿಂತ ಎರಡು ದಿನ ಮೊದಲು. ಹಿನ್ನೆಲೆಯನ್ನು ಅಳೆಯುವ ಪಿಕ್ಸೆಲ್‌ಗಳನ್ನು ಬದಲಿಸಿ ಮತ್ತೆ ಲೆಕ್ಕ ಹಾಕಿದರು, ಕುಳಿ ಹಾಗೆಯೇ ಉಳಿಯಿತು.

ನೆರೆಯ ನಕ್ಷತ್ರಗಳ ವಿಚಾರವೂ ಸಣ್ಣದಲ್ಲ. ಗಾಯಾ ಉಪಗ್ರಹದ ನಕ್ಷತ್ರಪಟ್ಟಿಯ ಪ್ರಕಾರ 25 ಆರ್ಕ್‌ಸೆಕೆಂಡ್ ದೂರದಲ್ಲಿ 6.2 ಕಾಂತಿಮಾನದಷ್ಟು ಮಸುಕಾದ ನಕ್ಷತ್ರವೊಂದಿದೆ. ಅದರ ಬೆಳಕು ನಮ್ಮ ನಕ್ಷತ್ರದ 0.33 ಶೇಕಡಾ. ಅದೊಂದು ಗ್ರಹಣ ಜೋಡಿತಾರೆಯಾಗಿದ್ದು, ಅಂದರೆ ಒಂದನ್ನೊಂದು ಮರೆಮಾಡುತ್ತ ಸುತ್ತುವ ಎರಡು ತಾರೆಗಳಾಗಿದ್ದು, 19 ಶೇಕಡಾ ಮಂಕಾದರೆ ಸಾಕು, ಟೆಸ್‌ನ ಅಪರ್ಚರ್‌ನಲ್ಲಿ ಅದೇ 620 ಪಿಪಿಎಂ ಕುಳಿ ಕಾಣುತ್ತದೆ. ಇದಕ್ಕೆ ಮದ್ದು ವ್ಯತ್ಯಾಸ ಚಿತ್ರ. ಸಂಕ್ರಮಣದ ಹೊರಗಿನ ಚಿತ್ರಗಳ ಸರಾಸರಿಯಿಂದ ಒಳಗಿನವುಗಳ ಸರಾಸರಿಯನ್ನು ಕಳೆದರೆ, ಬೆಳಕು ಎಲ್ಲಿ ಕಳೆದುಹೋಯಿತೋ ಅಲ್ಲಿ ಮಾತ್ರ ಚುಕ್ಕಿ ಉಳಿಯುತ್ತದೆ. ಚುಕ್ಕಿಯ ಕೇಂದ್ರ ಗುರಿ ನಕ್ಷತ್ರದಿಂದ ಕಾಲು ಪಿಕ್ಸೆಲ್ ಒಳಗೇ ಬಿತ್ತು. ನೆರೆಯ ನಕ್ಷತ್ರ ಅಲ್ಲಿಂದ ಒಂದು ಪಿಕ್ಸೆಲ್‌ಗಿಂತಲೂ ಆಚೆ ಇದೆ, ಹಾಗಾಗಿ ಅದು ಖುಲಾಸೆಯಾಯಿತು. ಮೇಲಾಗಿ 15ನೇ ಕಾಂತಿಮಾನದ ತಾರೆ 19 ಶೇಕಡಾ ಮಂಕಾಗುವುದನ್ನು ಕಾವಲೂರು, ಹಾನ್ಲೆಯಂಥ ನೆಲೆಗಳ 1–2 ಮೀಟರ್ ದೂರದರ್ಶಕಗಳೂ ನೋಡಬಲ್ಲವು. ಆದರೆ ಯಾವ ರಾತ್ರಿ ನೋಡಬೇಕೆಂದು ಗೊತ್ತಿರಬೇಕಲ್ಲ. ಒಂದೇ ಸಂಕ್ರಮಣದ ಹಂತದಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ.

ಅವಧಿಯ ಅಂದಾಜು

ಒಂದೇ ಕುಳಿಯಿಂದ ಕಕ್ಷೆಯ ಅವಧಿ ಹೇಳಲು ಆಗುವುದು ನಕ್ಷತ್ರದ ಸಾಂದ್ರತೆ ಗೊತ್ತಿದ್ದರೆ. ಸೂರ್ಯನಂಥ ನಕ್ಷತ್ರದ ನಟ್ಟನಡುವೆ ಒಂದು ವರ್ಷದ ಗ್ರಹ ಹಾದುಹೋಗಲು 13 ಗಂಟೆ ಬೇಕು. ಸಂಕ್ರಮಣದ ಕಾಲ ಅವಧಿಯ ಘನಮೂಲದಂತೆ ಹೆಚ್ಚುತ್ತದೆ, ಸಾಂದ್ರತೆಯ ಘನಮೂಲದಂತೆ ತಗ್ಗುತ್ತದೆ. ನಮ್ಮ ನಕ್ಷತ್ರದ ಸಾಂದ್ರತೆ ಸೂರ್ಯನ 1.73 ಪಟ್ಟು, ಅದರ ಘನಮೂಲ 1.2. ಆದ್ದರಿಂದ ಒಂದು ವರ್ಷದ ಗ್ರಹಕ್ಕೆ ಇಲ್ಲಿ 10.83 ಗಂಟೆ. ಅಳೆದದ್ದು 6.0 ಗಂಟೆ. 6.0ನ್ನು 10.83ರಿಂದ ಭಾಗಿಸಿ, ಘನ ತೆಗೆದು, 365 ದಿನದಿಂದ ಗುಣಿಸಿದರೆ 62 ದಿನ.

ಈ 62 ಕನಿಷ್ಠ ಮಿತಿ ಎಂಬುದು ಮುಖ್ಯ. ಗ್ರಹ ನಕ್ಷತ್ರದ ನಡುವಿನಿಂದ ಸರಿದು ಅಂಚಿನ ಕಡೆ ಹಾದರೆ ದಾರಿ ಕಿರಿದಾಗುತ್ತದೆ, ಅದೇ 6 ಗಂಟೆಗೆ ಇನ್ನೂ ಉದ್ದದ ಅವಧಿ ಬೇಕಾಗುತ್ತದೆ. ಕಕ್ಷೆ ದೀರ್ಘವೃತ್ತವಾಗಿದ್ದರೆ ಲೆಕ್ಕ ಎರಡೂ ಕಡೆ ವಾಲಬಹುದು. ಕಾಲದ ಅಳತೆಯಲ್ಲಿ 0.3 ಗಂಟೆಯ ದೋಷವಿದ್ದರೂ ಘನ ತೆಗೆಯುವಾಗ ಅದು ಬೆಳೆದು ಕನಿಷ್ಠ ಅವಧಿ 53ರಿಂದ 72 ದಿನಗಳವರೆಗೆ ಹರಡುತ್ತದೆ. ಗ್ರಹ ನಡುವಿನಿಂದ ಎಷ್ಟು ಸರಿದು ಹಾದಿದೆ ಎಂಬುದನ್ನು ಕುಳಿಯ ಇಳಿಜಾರಿನಿಂದ ತಿಳಿಯಬಹುದು. ಆದರೆ ಇಲ್ಲಿ ಇಳಿಜಾರಿನ ಕಾಲ ಬರೀ 10 ನಿಮಿಷದಷ್ಟು, ದತ್ತಾಂಶವೋ 30 ನಿಮಿಷಕ್ಕೊಂದು. ಸಣ್ಣ ಗ್ರಹಗಳ ಒಂಟಿ ಸಂಕ್ರಮಣದಲ್ಲಿ ಈ ಬಾಗಿಲು ಬಹುಪಾಲು ಮುಚ್ಚಿಯೇ ಇರುತ್ತದೆ.

ಮೊದಲ ದೊಡ್ಡ ನಿರ್ಧಾರ ಬಂದದ್ದು ಇಲ್ಲಿ. ಗ್ರಹದ ಎಳೆತದಿಂದಾಗುವ ನಕ್ಷತ್ರದ ತೊನೆದಾಟವನ್ನು ರೋಹಿತಮಾಪಕದಿಂದ ಅಳೆದು ಅವಧಿ ಹುಡುಕಬೇಕೆಂಬ ವಾದವಿತ್ತು. 261 ದಿನದ ಟಿಒಐ-2180 ಬಿ ಒಂಟಿ ಸಂಕ್ರಮಣದಿಂದ ಸಿಕ್ಕು ಹೀಗೆ ಖಚಿತವಾದ ಗ್ರಹ. ಆದರೆ ಅದು ಗುರುವಿಗಿಂತ ಭಾರದ ದೈತ್ಯ. ನಮ್ಮದು ಆಳದ ಲೆಕ್ಕದಲ್ಲಿ ಭೂಮಿಯ 2.1 ಪಟ್ಟು ತ್ರಿಜ್ಯದ್ದು. ದ್ರವ್ಯರಾಶಿ ಭೂಮಿಯ 5 ಪಟ್ಟು ಎಂದಿಟ್ಟುಕೊಂಡರೆ, 80 ದಿನದ ಆಸುಪಾಸಿನ ಕಕ್ಷೆಯಲ್ಲಿ ನಕ್ಷತ್ರದ ತೊನೆದಾಟ ಸೆಕೆಂಡಿಗೆ 0.85 ಮೀಟರ್. ಕಲೆಗಳಿರುವ ಈ ನಕ್ಷತ್ರದ ಮೇಲ್ಮೈ ತಾನೇ ಸೆಕೆಂಡಿಗೆ ಹಲವು ಮೀಟರ್ ಏರುಪೇರು ತೋರಿಸುತ್ತದೆ. ಅವಧಿ ಗೊತ್ತಿಲ್ಲದೆ ಆ ಗದ್ದಲದಲ್ಲಿ ಹುಡುಕುವುದು ವ್ಯರ್ಥ ಎಂದು ತೀರ್ಮಾನವಾಯಿತು. ಜೋಡಿತಾರೆಯಲ್ಲ ಎಂದು ಖಚಿತಪಡಿಸಲು ಕೆಲವೇ ರೋಹಿತಗಳನ್ನು ತೆಗೆದು, ಟೆಸ್ ಮತ್ತೆ ಅದೇ ಕಡೆ ತಿರುಗುವವರೆಗೆ ಕಾಯಲಾಯಿತು. ಅದು ಸರಿಯಾದ ತೀರ್ಮಾನ.

ಎರಡನೆಯ ಕುಳಿ

ಎರಡು ವರ್ಷದ ನಂತರ ಟೆಸ್ ಅದೇ ನಕ್ಷತ್ರವನ್ನು ಸಾಲಾಗಿ ಎರಡು ಸೆಕ್ಟರ್ ನೋಡಿತು, ಈ ಸಲ 2 ನಿಮಿಷದ ಅಳತೆಯಲ್ಲಿ. ಅಧಿಕೃತ ಲೈಟ್ ಕರ್ವ್‌ನಲ್ಲಿ ಏನೂ ಇರಲಿಲ್ಲ. ಆದರೆ 3.0ನೇ ದಿನದ ಸುತ್ತ ಚದುರಿದ ಬೆಳಕಿನ ಕಾರಣಕ್ಕೆ ಕೆಲವು ಗಂಟೆಗಳ ದತ್ತಾಂಶಕ್ಕೆ ಕ್ವಾಲಿಟಿ ಫ್ಲ್ಯಾಗ್, ಅಂದರೆ ನಂಬಲಾಗದ ಅಳತೆ ಎಂಬ ಗುರುತು, ಬಿದ್ದಿತ್ತು. ಫ್ಲ್ಯಾಗ್ ಬಿದ್ದದ್ದನ್ನು ತಂತ್ರಾಂಶ ತಾನಾಗಿಯೇ ಎಸೆಯುತ್ತದೆ. ತಂಡ ಪಿಕ್ಸೆಲ್ ಫೈಲುಗಳಿಗೆ ಮರಳಿ, ಹಿನ್ನೆಲೆಗೆ ಪ್ರತ್ಯೇಕ ಮಾದರಿ ಕಟ್ಟಿ, ಎಸೆದ ಭಾಗವನ್ನು ಮರಳಿ ಸೇರಿಸಿದಾಗ ಕುಳಿಯೊಂದು ಮೇಲೆದ್ದಿತು. ಆಳ 590 ಪಿಪಿಎಂ, ದೋಷಮಿತಿ 60. ಕೊನೆಯ ಭಾಗ ಮಾತ್ರ ಅಸ್ಪಷ್ಟ, ಹಾಗಾಗಿ ನಡುಗಾಲದಲ್ಲಿ 20 ನಿಮಿಷದ ಅನಿಶ್ಚಿತತೆ ಉಳಿಯಿತು. ಎರಡನ್ನೂ ಸೇರಿಸಿ ಅಳೆದ ಸಂಕ್ರಮಣದ ಕಾಲ 6.0 ಗಂಟೆ, ದೋಷ 0.2.

ಎರಡು ಕುಳಿಗಳ ನಡುವಿನ ಅಂತರ 720.0 ದಿನ. ಎರಡೂ ಒಂದೇ ಗ್ರಹದವು ಎಂದಾದರೆ ಅವಧಿ 720, ಅಥವಾ ಅದರ ಅರ್ಧ, ಮೂರನೆಯ ಒಂದು, ಹೀಗೆ 720ನ್ನು ಯಾವುದೋ ಪೂರ್ಣಾಂಕದಿಂದ ಭಾಗಿಸಿದ್ದು. ಈ ಏಲಿಯಾಸ್‌ಗಳನ್ನು (ಇಂಥ ಸಂಭಾವ್ಯ ಅವಧಿಗಳನ್ನು) ಕಡಿಮೆ ಮಾಡುವ ಮೊದಲ ದಾರಿ, ಕೈಲಿರುವ ದತ್ತಾಂಶದಲ್ಲಿ ಕುಳಿ ಎಲ್ಲಿ ಬರಬೇಕಿತ್ತು, ಬಂದಿಲ್ಲ ಎಂದು ನೋಡುವುದು. ಎರಡನೆಯ ಭೇಟಿಯ ದತ್ತಾಂಶ 54.0ನೇ ದಿನದವರೆಗೆ ಇತ್ತು. ಭಾಜಕ 15 ಆದರೆ ಅವಧಿ 48 ದಿನ, 51ನೇ ದಿನ ಕುಳಿ ಬರಬೇಕಿತ್ತು. ಬರಲಿಲ್ಲ. 16, 17, 18 ಕೂಡ ಹೀಗೆಯೇ ಹೋದವು. 14 ಆದರೆ ಅವಧಿ 51.43 ದಿನ, ಕುಳಿ 54.43ಕ್ಕೆ ಬೀಳುತ್ತದೆ. ದತ್ತಾಂಶ ಮುಗಿದು ಅರ್ಧ ದಿನವಷ್ಟೇ ಆಗಿತ್ತು, ಆದ್ದರಿಂದ ಅದು ಬದುಕಿತು.

ಅವಸರದಲ್ಲಿ '15ರ ಮೇಲಿನದೆಲ್ಲ ಹೋಯಿತು' ಎಂದು ಬರೆದುಬಿಡುವುದು ಇಲ್ಲಿ ಸುಲಭ. ಭಾಜಕ 19ನ್ನು ನೋಡಿ. ಅವಧಿ 37.89 ದಿನ, ಕುಳಿ 40.89ನೇ ದಿನಕ್ಕೆ. ಟೆಸ್ ತನ್ನ 13.7 ದಿನದ ಕಕ್ಷೆಯಲ್ಲಿ ಭೂಮಿಯ ಹತ್ತಿರ ಬಂದು ದತ್ತಾಂಶ ಕೆಳಗಿಳಿಸುವಾಗ ವೀಕ್ಷಣೆ ನಿಲ್ಲುತ್ತದೆ. ಎರಡನೆಯ ಸೆಕ್ಟರಿನ ಆ ಖಾಲಿ ಜಾಗ ಸರಿಯಾಗಿ 41ನೇ ದಿನದ ಆಸುಪಾಸಿನಲ್ಲಿತ್ತು. 19 ಅಲ್ಲಿ ಅಡಗಿಕೊಂಡಿತು. ಭಾಜಕ 30 ಕೂಡ 27ನೇ ದಿನದ ಸೆಕ್ಟರ್ ಸಂಧಿಯಲ್ಲಿ ಅಡಗುತ್ತದೆ, ಆದರೆ ಅದರ ಮುಂದಿನ ಕುಳಿ 51ನೇ ದಿನಕ್ಕೆ ಬರಬೇಕಿತ್ತು, ಹಾಗಾಗಿ ಹೋಯಿತು. ಪ್ರತಿ ಭಾಜಕಕ್ಕೂ ಪ್ರತಿ ನಿರೀಕ್ಷಿತ ಕುಳಿಯನ್ನೂ ನೋಡಿದ ಮೇಲೆ ಉಳಿದವು 1ರಿಂದ 14 ಮತ್ತು 19, ಒಟ್ಟು ಹದಿನೈದು.

ಹದಿನೈದಕ್ಕೂ ಸಮಾನ ತೂಕವಿಲ್ಲ. 37.89 ದಿನದ ಗ್ರಹ ನಟ್ಟನಡುವೆ ಹಾದರೂ ವೃತ್ತಾಕಾರದ ಕಕ್ಷೆಯಲ್ಲಿ 5.1 ಗಂಟೆ ಮೀರದು. 720 ದಿನದ ಗ್ರಹಕ್ಕೆ 6 ಗಂಟೆ ಸಾಕಾಗಬೇಕಾದರೆ ಅದು ತೀರ ಅಂಚಿನಲ್ಲಿ ಹಾದಿರಬೇಕು. ಆಗ ಇಳಿಜಾರಿನ ಕಾಲವೇ ಮುಕ್ಕಾಲು ಗಂಟೆಯಾಗಿ ಕುಳಿ ಬಟ್ಟಲಿನಾಕಾರಕ್ಕೆ ತಿರುಗುತ್ತಿತ್ತು, 2 ನಿಮಿಷದ ದತ್ತಾಂಶ ಅದನ್ನು ಒಪ್ಪಲಿಲ್ಲ. ಉದ್ದದ ಅವಧಿಗಳು ನಮಗೆ ಕಾಣುವ ಕೋನದಲ್ಲಿರುವುದೂ ನೋಡುತ್ತಿದ್ದಾಗಲೇ ಹಾದುಹೋಗುವುದೂ ಅಪರೂಪ. ಇವೆಲ್ಲ ಸೇರಿ ಹೆಚ್ಚಿನ ತೂಕ ಬಿದ್ದದ್ದು 7ರಿಂದ 12ರವರೆಗಿನ ಭಾಜಕಗಳ ಮೇಲೆ: 102.9, 90, 80, 72, 65.5, 60 ದಿನ.

ನಿರ್ಣಾಯಕ ವೀಕ್ಷಣೆಗಳು

620 ಪಿಪಿಎಂ ಕುಳಿಯನ್ನು ನೆಲದ ಮೇಲಿನಿಂದ ನಂಬಿಕೆಗೆ ಅರ್ಹವಾಗಿ ಅಳೆಯಲು ವಾತಾವರಣ ಬಿಡುವುದಿಲ್ಲ, ಅದರಲ್ಲೂ 6 ಗಂಟೆ ಪೂರ್ತಿ. ಯುರೋಪಿನ ಕಿಯಾಪ್ಸ್ ಉಪಗ್ರಹ ಇದಕ್ಕೆಂದೇ ಇದೆ. 2019ರ ಡಿಸೆಂಬರ್‌ನಲ್ಲಿ ಹಾರಿದ 30 ಸೆಂ.ಮೀ. ದೂರದರ್ಶಕ, ಒಂದು ಸುತ್ತಿಗೆ ಸುಮಾರು 99 ನಿಮಿಷ, ಒಂದು ಬಾರಿಗೆ ಒಂದೇ ನಕ್ಷತ್ರ. ಅದರ ಸಮಯ ದುಬಾರಿ, ಹದಿನೈದು ಏಲಿಯಾಸ್‌ಗೆ ಹದಿನೈದು ಭೇಟಿ ಕೇಳುವಂತಿಲ್ಲ.

ಬಿಡಿಸಿದ್ದು ಶಾಲೆಯ ಭಿನ್ನರಾಶಿ ಲೆಕ್ಕ. ಎರಡನೆಯ ಕುಳಿಯಿಂದ 360 ದಿನ ಎಣಿಸಿದರೆ ಎಲ್ಲ ಸಮ ಭಾಜಕಗಳ ಸಂಕ್ರಮಣವೂ ಆ ಒಂದೇ ಹೊತ್ತಿಗೆ ಬೀಳುತ್ತದೆ: 2, 4, 6, 8, 10, 12, 14. ಒಂದೇ ಭೇಟಿಯಲ್ಲಿ ಏಳು ಏಲಿಯಾಸ್ ಪರೀಕ್ಷೆ. 240 ಮತ್ತು 480ನೇ ದಿನಗಳಲ್ಲಿ 3, 6, 9, 12 ಒಟ್ಟಿಗೆ ಬೀಳುತ್ತವೆ, ಆದರೆ ಆಗ ನಕ್ಷತ್ರ ಸೂರ್ಯನ ಕಡೆಗೆ ಸರಿದಿರುತ್ತದೆ. ಕಿಯಾಪ್ಸ್‌ಗೆ ನಕ್ಷತ್ರ ಕಾಣುವುದು ಸೂರ್ಯನ ವಿರುದ್ಧ ದಿಕ್ಕಿನ ಸುಮಾರು ಎರಡೆರಡು ತಿಂಗಳು ಮಾತ್ರ, ಅಂದರೆ ಸರಿಸುಮಾರು 305ರಿಂದ 425ನೇ ದಿನದವರೆಗೆ. ಆ ಋತುವಿನಲ್ಲಿ 360ರ ನಂತರ ಸಿಗುವ ಒಂಟಿ ಅವಕಾಶಗಳು: ಭಾಜಕ 11ಕ್ಕೆ 392.7ನೇ ದಿನ, 9ಕ್ಕೆ 400ನೇ ದಿನ, 7ಕ್ಕೆ 411.4ನೇ ದಿನ.

ಭೇಟಿಯ ಅಗಲದ ಬಗ್ಗೆಯೂ ಚರ್ಚೆ ನಡೆಯಿತು. ಕುಳಿ ಬರುವ ಹೊತ್ತಿನ ಅನಿಶ್ಚಿತತೆ ಸುಮಾರು ಅರ್ಧ ಗಂಟೆಯಷ್ಟೇ ಇದ್ದುದರಿಂದ 7 ಗಂಟೆ ಸಾಕೆಂಬ ಸಲಹೆ ಬಂದಿತ್ತು. ಆದರೆ ಕಾಣದ ಇನ್ನೊಂದು ಗ್ರಹ ಎಳೆಯುತ್ತಿದ್ದರೆ ಸಂಕ್ರಮಣ ಗಂಟೆಗಟ್ಟಲೆ ಹಿಂದೆ ಮುಂದೆ ಆಗಬಹುದು. ಕಿರಿದಾದ ಭೇಟಿಯಲ್ಲಿ ಕುಳಿ ಸಿಗದಿದ್ದರೆ ಏಲಿಯಾಸ್ ಸತ್ತಿತೆಂದು ಹೇಳಲಾಗದು, ಖರ್ಚು ಮಾಡಿದ ಸಮಯವೂ ಹೋದಂತೆಯೇ. ಹಾಗಾಗಿ ಪ್ರತಿ ಭೇಟಿಗೂ 8 ಸುತ್ತು, ಅಂದರೆ 13 ಗಂಟೆ, ಕೇಳಲಾಯಿತು. ಸುತ್ತಿನ ಒಂದು ಭಾಗದಲ್ಲಿ ಭೂಮಿ ಅಡ್ಡ ಬಂದು ದತ್ತಾಂಶ ತುಂಡಾಗುತ್ತದೆ, ಉಪಗ್ರಹ ಸುತ್ತಿಗೊಮ್ಮೆ ತನ್ನ ಅಕ್ಷದ ಮೇಲೆ ತಿರುಗುವುದರಿಂದ ಅದೇ ಲಯದ ಏರಿಳಿತವೂ ಬರುತ್ತದೆ. ಇವನ್ನು ಅಳೆದು ಕಳೆಯಲು ಸಂಕ್ರಮಣದ ಎರಡೂ ಪಕ್ಕ ಚಪ್ಪಟೆ ಭಾಗ ಬೇಕೇ ಬೇಕು.

360ನೇ ದಿನ ಏನೂ ಇರಲಿಲ್ಲ. 13 ಗಂಟೆಯೂ ಚಪ್ಪಟೆ. ಕೃತಕ ಕುಳಿಯನ್ನು ಅದೇ ದತ್ತಾಂಶಕ್ಕೆ ಸೇರಿಸಿ ನೋಡಿದಾಗ 620 ಪಿಪಿಎಂ ಎದ್ದು ಕಂಡಿತು, ಆದ್ದರಿಂದ ಕಾಣದ್ದು ಇಲ್ಲದ್ದೇ ಎಂದು ಖಚಿತವಾಯಿತು. ಏಳು ಏಲಿಯಾಸ್ ಒಂದೇ ದಿನದಲ್ಲಿ ಹೋದವು. ಉಳಿದದ್ದು 1, 3, 5, 7, 9, 11, 13, 19. ತೂಕ ಕಡಿಮೆಯಿದ್ದ 13 ಮತ್ತು 19ಕ್ಕೆ ಸಮಯ ಕೇಳದೆ 392.7ಕ್ಕೆ ಕಾದರು, ಅದೂ ಚಪ್ಪಟೆ. 400ನೇ ದಿನ ಕುಳಿ ಬಂತು, ಊಹಿಸಿದ್ದಕ್ಕಿಂತ 35 ನಿಮಿಷ ಮೊದಲು, 615 ಪಿಪಿಎಂ ಆಳ, ಇಳಿಯುವ ಮತ್ತು ಏರುವ ಅಂಚುಗಳೆರಡೂ ಭೇಟಿಯ ಒಳಗೇ. ಉಳಿದಿದ್ದ ಭಾಜಕಗಳಲ್ಲಿ 400ನೇ ದಿನ ಸಂಕ್ರಮಣ ಬೀಳುವುದು 9ಕ್ಕೆ ಮಾತ್ರ. ಭಾಜಕ 7ಕ್ಕಾಗಿ ಕಾದಿರಿಸಿದ್ದ ಸಮಯವನ್ನು ಬಿಟ್ಟುಕೊಡಲಾಯಿತು.

ಫಲಿತಾಂಶ ಮತ್ತು ಅದರಿಂದ ತಿಳಿಯುವುದು

ಅವಧಿ 80 ದಿನ, ತ್ರಿಜ್ಯ ಭೂಮಿಯ 2.1 ಪಟ್ಟು, ನಕ್ಷತ್ರದಿಂದ ದೂರ 0.34 ಖಗೋಳಮಾನ (ಸೂರ್ಯನಿಂದ ಭೂಮಿಗಿರುವ ದೂರ 1), ಪ್ರತಿಫಲನ ಲೆಕ್ಕಿಸದ ಸಮತೋಲನ ತಾಪ ಸುಮಾರು 365 ಕೆಲ್ವಿನ್. ಇಂಥ ಕಕ್ಷೆ ನಮಗೆ ಸಂಕ್ರಮಣ ತೋರಿಸುವ ಕೋನದಲ್ಲಿ ಇರುವ ಸಂಭವ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಅಂದರೆ ನಮಗೆ ಕಾಣುವ ಇಂಥ ಒಂದು ಗ್ರಹದ ಹಿಂದೆ ಕಾಣದ ಸುಮಾರು ತೊಂಬತ್ತೈದು ಇವೆ. ಜರಡಿಯಲ್ಲಿ ಸೋರಿದ ಒಂದನ್ನು ಹಿಡಿದರೂ ಗ್ರಹಗಳ ಜನಸಂಖ್ಯೆಯ ಲೆಕ್ಕ ಗಣನೀಯವಾಗಿ ಬದಲಾಗುವುದು ಈ ಕಾರಣಕ್ಕೆ.

ಈ ಪ್ರಕರಣದಲ್ಲಿ ಗ್ರಹ ಕೈತಪ್ಪಿ ಹೋಗಬಹುದಾಗಿದ್ದ ಎರಡೂ ಸಂದರ್ಭಗಳು ದತ್ತಾಂಶ ಶುಚಿಗೊಳಿಸುವ ಹಂತದವು: ಕಿರಿದಾದ ಮೀಡಿಯನ್ ಕಿಟಕಿ, ಮತ್ತು ಫ್ಲ್ಯಾಗ್ ಬಿದ್ದದ್ದನ್ನು ಎಸೆಯುವ ಪೂರ್ವನಿಗದಿ. ಮೂರು ಸಂಕ್ರಮಣವಿದ್ದಾಗ ಒಂದನ್ನು ಕಳೆದುಕೊಂಡರೂ ನಡೆಯುತ್ತದೆ. ಒಂದೇ ಇದ್ದಾಗ ತಂತ್ರಾಂಶದ ಪ್ರತಿ ಪೂರ್ವನಿಗದಿ ಆಯ್ಕೆಯೂ ಗ್ರಹ ಇದೆಯೋ ಇಲ್ಲವೋ ಎಂಬ ತೀರ್ಪಾಗಿಬಿಡುತ್ತದೆ. ಇದೇ ಕೆಲಸಕ್ಕೆ ಕೈ ಹಾಕುವವರು ಎಸೆದ ದತ್ತಾಂಶದ ಸಮಯಪಟ್ಟಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು, ಏಲಿಯಾಸ್ ಲೆಕ್ಕದಲ್ಲಿ ಅದನ್ನೇ ಬಳಸಬೇಕು. ಖಾಲಿ ಜಾಗವನ್ನು 'ಕುಳಿ ಇಲ್ಲ' ಎಂದು ಎಣಿಸಿದರೆ ನಿಜವಾದ ಅವಧಿಯನ್ನೇ ಪಟ್ಟಿಯಿಂದ ಅಳಿಸಿಬಿಡುವ ಅಪಾಯವಿದೆ.

ಈ ವಿಧಾನದ ಮಿತಿಯೂ ಸ್ಪಷ್ಟ. ಸೂರ್ಯನ ಮುಂದೆ ಭೂಮಿ ಹಾದರೆ ಕುಳಿ 84 ಪಿಪಿಎಂ, 13 ಗಂಟೆ, ವರ್ಷಕ್ಕೊಮ್ಮೆ. ಈ ನಕ್ಷತ್ರದ ತಲೆಕೆಳಗು ಪರೀಕ್ಷೆಯಲ್ಲಿ ನಾಯ್ಸ್ ತಾನೇ 250 ಪಿಪಿಎಂ ತೋಡಿತ್ತು, ಅದರ ಕೆಳಗೆ ಅಂಥ ಗ್ರಹ ಹೂತುಹೋಗುತ್ತದೆ. ಶಾಂತವಾದ ನಕ್ಷತ್ರವನ್ನು ವರ್ಷಗಟ್ಟಲೆ ಕಣ್ಣು ತೆಗೆಯದೆ ನೋಡುವುದೇ ಅದಕ್ಕೆ ದಾರಿ. ಯುರೋಪಿನ 26 ಕ್ಯಾಮೆರಾಗಳ ಪ್ಲೇಟೋ ಅದನ್ನೇ ಗುರಿಯಾಗಿಸಿಕೊಂಡಿದೆ.

ಉಳಿದಿರುವ ಕೆಲಸ ಎರಡು. ಅವಧಿ ಗೊತ್ತಾದ ಮೇಲೆ ಸೆಕೆಂಡಿಗೆ 0.85 ಮೀಟರ್ ತೊನೆದಾಟವನ್ನು ಹುಡುಕುವುದಕ್ಕೆ ಅರ್ಥ ಬಂದಿದೆ, ಏಕೆಂದರೆ ನಕ್ಷತ್ರದ 11 ದಿನದ ಲಯವೂ ಗ್ರಹದ 80 ದಿನದ ಲಯವೂ ಬೇರೆಬೇರೆ. ಇನ್ನೊಂದು ಆ 35 ನಿಮಿಷ. ದೋಷಮಿತಿಯ ಆಸುಪಾಸಿನಲ್ಲೇ ಇರುವುದರಿಂದ ಅದಕ್ಕೆ ಈಗಲೇ ಅರ್ಥ ಕಟ್ಟುವಂತಿಲ್ಲ. ಮುಂದಿನ ಋತುವಿನಲ್ಲಿ ನೋಡಲು ಸಿಗುವುದು ಒಂದೇ ಸಂಕ್ರಮಣ, 720ನೇ ದಿನದ್ದು. ಅದೂ ನಿಗದಿತ ಹೊತ್ತಿನಿಂದ ದೋಷಮಿತಿಗೆ ಮೀರಿ ಸರಿದಿದ್ದರೆ ಈ ನಕ್ಷತ್ರದ ಸುತ್ತ ಎರಡನೆಯ ಗ್ರಹವೊಂದನ್ನು ಹುಡುಕಬೇಕಾಗುತ್ತದೆ, ಅದಕ್ಕೂ 13 ಗಂಟೆಯ ಭೇಟಿಯನ್ನೇ ಕೇಳಲಾಗಿದೆ.